ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಬ್ಯಾಟರಿ ಪ್ಲಗ್ ಕೈ ಸುಡುವಷ್ಟು ಬಿಸಿ. ಎಕ್ಸ್‌ಟಿ60 ಪ್ಲಗ್ ಹಾಕಿದರೆ ಸರಿಹೋಗುತ್ತಾ?

ಪ್ರಶ್ನೆ: ಮೈಸೂರಿನ ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 12 ವರ್ಷ. ಹಳೆಯ 1/10 (ನಿಜ ಕಾರಿನ ಹತ್ತನೇ ಒಂದು ಅಳತೆಯ) ಟೂರಿಂಗ್ ಕಾರೊಂದನ್ನು ಇಬ್ಬರೂ ಸೇರಿ ರಿಪೇರಿ ಮಾಡಿ ಓಡಿಸುತ್ತಿದ್ದೇವೆ. 13.5 ಟರ್ನ್ ಬ್ರಶ್‌ಲೆಸ್ ಮೋಟರ್, 2ಎಸ್ ಲೈಪೋ (ಎರಡು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ), 5000 ಎಂಎಎಚ್. ಬ್ಯಾಟರಿಯಲ್ಲಿ ಇರುವುದು ಟಿ-ಪ್ಲಗ್.

ಮೂರ್ನಾಲ್ಕು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಕಾರ್ನರ್ ದಾಟಿ ಫುಲ್ ಥ್ರಾಟಲ್ ಕೊಟ್ಟರೆ ಒಂದು ಕ್ಷಣ ಸತ್ತು ಮತ್ತೆ ಜೀವ ಬರುತ್ತದೆ. ನಿನ್ನೆ ಬ್ಯಾಟರಿ ತೆಗೆಯಲು ಹೋಗಿ ಅವಳು ಬೆರಳು ಸುಟ್ಟುಕೊಂಡಳು. ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಎರಡೂ ಅಷ್ಟೇನೂ ಕಾದಿರಲಿಲ್ಲ, ಪ್ಲಗ್ ಮಾತ್ರ ಕೆಂಡದ ಹಾಗಿತ್ತು.

ವೈರ್ ಬ್ಯಾಟರಿಗೆ ಎಟುಕುತ್ತಿಲ್ಲ ಅಂತ ಇಎಸ್‌ಸಿ ಕಡೆ 15 ಸೆಂಟಿಮೀಟರ್ ಸೇರಿಸಿದ್ದೇನೆ. ಮನೆ ವೈರಿಂಗ್‌ನಲ್ಲಿ ಉಳಿದಿದ್ದ ಎರಡೂವರೆ ಸ್ಕ್ವೇರ್ ಎಂಎಂ ವೈರ್ ಅದು. ಸೋಲ್ಡರ್ ಮಾಡಿದ್ದು 25 ವಾಟ್ ಐರನ್‌ನಲ್ಲಿ. ಎಕ್ಸ್‌ಟಿ60 ಸಾಕಾ, ಎಕ್ಸ್‌ಟಿ90 ಬೇಕಾ? ವೈರ್ ಇನ್ನೂ ದಪ್ಪ ಮಾಡಬೇಕಾ? ಅವಳ ಬೆರಳು ನೋಡಿದಾಗಿನಿಂದ ನನಗೆ ಸಮಾಧಾನವೇ ಇಲ್ಲ.

ಉತ್ತರ 1: ಬೆಂಗಳೂರು, ಟೂರಿಂಗ್ ಓಡಿಸುವವನು

ಸರ್, ರೇಸ್‌ನಲ್ಲಿ ನಾವು ಪ್ಲಗ್ ಇಡುವುದೇ ಇಲ್ಲ. ಹಾರ್ಡ್‌ಕೇಸ್ ಬ್ಯಾಟರಿ ತಗೊಂಡು 5 ಎಂಎಂ ಬುಲೆಟ್ (ಗುಂಡಗಿನ ಲೋಹದ ಪಿನ್) ನೇರವಾಗಿ ಅದರ ಸಾಕೆಟ್‌ಗೆ. ವೈರಿನ ಇನ್ನೊಂದು ತುದಿ ಇಎಸ್‌ಸಿ ಟ್ಯಾಬ್‌ಗೆ ಸೋಲ್ಡರ್. ಮಧ್ಯೆ ಒಂದು ಜಾಯಿಂಟ್ ಕಡಿಮೆ ಆಗುತ್ತದೆ. 12 ಗೇಜ್ ಸಿಲಿಕಾನ್ ವೈರ್ ಹಾಕಿ.

ಉತ್ತರ 2: ಹುಬ್ಬಳ್ಳಿ, ಮೋಟರ್ ರಿವೈಂಡಿಂಗ್

ಮೈಸೂರಿನವರೇ, ಮೊದಲು ಮಗುವಿನ ಬೆರಳು ಹೇಗಿದೆ ಹೇಳಿ. ಆ ಪ್ಲಗ್ ಹಾಕಿ ಇನ್ನೊಂದು ರೌಂಡೂ ಓಡಿಸಬೇಡಿ.

ನಾನು 22 ವರ್ಷದಿಂದ ಪಂಪ್ ಮೋಟರ್ ಕಟ್ಟುತ್ತಿದ್ದೇನೆ. ಆರ್‌ಸಿ ಹುಚ್ಚು ಹಿಡಿದು ಆರು ವರ್ಷ. ಅಂಗಡಿಗೆ ಬರುವ ಸುಟ್ಟ ಸ್ಟಾರ್ಟರ್‌ಗಳಲ್ಲಿ ಟರ್ಮಿನಲ್ ಸುಟ್ಟಿರುವುದೇ ಜಾಸ್ತಿ, ವೈರಿನ ನಡುಭಾಗ ಚೆನ್ನಾಗೇ ಇರುತ್ತದೆ. ನಿಮ್ಮದೂ ಅದೇ ಕಥೆ ಅನ್ನಿಸುತ್ತದೆ.

ಲೆಕ್ಕ ಹಾಕೋಣ. ಎರಡೂವರೆ ಸ್ಕ್ವೇರ್ ಎಂಎಂ ತಾಮ್ರಕ್ಕೆ ಮೀಟರಿಗೆ 7-8 ಮಿಲಿಓಮ್. ಪ್ಲಸ್, ಮೈನಸ್ ಎರಡೂ ಸೇರಿ 30 ಸೆಂಟಿಮೀಟರ್, ಅಂದರೆ ಎರಡು ಚಿಲ್ಲರೆ ಮಿಲಿಓಮ್. ಕಾರು ಜೋರಾಗಿ ಎಳೆಯುವಾಗ 40 ಆಂಪಿಯರ್ ಅಂತಿಟ್ಟುಕೊಳ್ಳಿ. ಮೂರೂವರೆ ವಾಟ್ ಶಾಖ, ಅದೂ 30 ಸೆಂಟಿಮೀಟರ್‌ಗೆ ಹರಡಿ ಹೋಗುತ್ತದೆ. ಈಗ ಪ್ಲಗ್ ನೋಡಿ. ಸೋಲ್ಡರ್ ಸರಿಯಾಗಿ ಕೂತಿಲ್ಲ, ಒಳಗಿನ ಸ್ಪ್ರಿಂಗ್ ಪಟ್ಟಿ ಸಡಿಲ, ಎಲ್ಲ ಸೇರಿ 5 ಮಿಲಿಓಮ್ ಆದರೂ 8 ವಾಟ್. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ! ನಿಮ್ಮ 25 ವಾಟ್ ಐರನ್ನಿನ ಮೂರನೇ ಒಂದು ಪಾಲು ಶಾಖ ಪ್ಲಗ್ ಒಳಗೇ ಕೂತಿದೆ. ಅಲ್ಲಿ ವೋಲ್ಟೇಜ್ ಬಿದ್ದಾಗ ಇಎಸ್‌ಸಿ ಬ್ಯಾಟರಿ ಖಾಲಿ ಅಂದುಕೊಂಡು ಕಟ್ ಮಾಡುತ್ತದೆ, ಅಥವಾ ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ.

ನಂಬಿಕೆ ಬರಲು ಅಳೆದು ನೋಡಿ. ಬೇಕಾಗಿರುವುದು ಕಾರಿನ ಎಚ್4 ಹೆಡ್‌ಲೈಟ್ ಬಲ್ಬ್ ಒಂದು, ಮಲ್ಟಿಮೀಟರ್ ಒಂದು. ಇಎಸ್‌ಸಿ ಬಿಚ್ಚಿ, ಅದರ ಜಾಗದಲ್ಲಿ ಬಲ್ಬಿನ ಎರಡೂ ಫಿಲಮೆಂಟ್ ಸೇರಿಸಿ ಕೊಡಿ. ಏಳೆಂಟು ಆಂಪಿಯರ್ ಎಳೆಯುತ್ತದೆ. ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಪ್ಲಗ್‌ನ ಈಚೆ ವೈರಿಗೆ, ಇನ್ನೊಂದು ಆಚೆ ವೈರಿಗೆ. ಪ್ಲಸ್ ಒಮ್ಮೆ, ಮೈನಸ್ ಒಮ್ಮೆ. ಹತ್ತು ಸೆಕೆಂಡ್ ಸಾಕು, ಬಲ್ಬ್ ಕೈ ಸುಡುವಷ್ಟು ಕಾಯುತ್ತದೆ. ಜಾಯಿಂಟ್ ಚೆನ್ನಾಗಿದ್ದರೆ 10 ಮಿಲಿವೋಲ್ಟ್ ಒಳಗೆ ಬರಬೇಕು.

ಇನ್ನು ಪ್ಲಗ್. ನಿಮಗೆ ಎಕ್ಸ್‌ಟಿ60 ಧಾರಾಳ ಸಾಕು. ಒಳಗೆ ಮೂರೂವರೆ ಎಂಎಂ ಬುಲೆಟ್, ಸ್ವಲ್ಪ ಹೊತ್ತಿಗೆ 60 ಆಂಪಿಯರ್ ತನಕ ತಡೆಯುತ್ತದೆ, ಉಲ್ಟಾ ಹಾಕಲು ಬರುವುದಿಲ್ಲ. ಎಕ್ಸ್‌ಟಿ90 ಈ ಕಾರಿಗೆ ಸುಮ್ನೆ ಭಾರ. ಬೆಂಗಳೂರಿನ ತಮ್ಮ ಹೇಳಿದ ಬುಲೆಟ್ ಒಳ್ಳೆಯದೇ, ತಾಗುವ ಜಾಗ ಜಾಸ್ತಿ. ಆದರೆ ಪ್ಲಸ್, ಮೈನಸ್ ಬೇರೆ ಬೇರೆ ತುಂಡು. ಆತುರದಲ್ಲಿ ಅದಲು ಬದಲಾದರೆ ಇಎಸ್‌ಸಿ ಹೋಯಿತು. 12 ವರ್ಷದ ಹುಡುಗಿ ತಾನೇ ಬ್ಯಾಟರಿ ಬದಲಾಯಿಸುತ್ತಾಳೆ ಅಂದಮೇಲೆ ನಾನಂತೂ ಎಕ್ಸ್‌ಟಿ60 ಬಿಟ್ಟು ಬೇರೆ ಹೇಳುವುದಿಲ್ಲ.

ಆದರೆ ಅದೇ ಐರನ್‌ನಲ್ಲಿ ಮಾಡಿದರೆ ಎಕ್ಸ್‌ಟಿ60 ಕೂಡ ಹೀಗೇ ಸುಡುತ್ತದೆ. ದಪ್ಪ ವೈರ್ ಶಾಖವನ್ನೆಲ್ಲ ಹೀರಿಬಿಡುತ್ತದೆ, ಲೆಡ್ (ಸೋಲ್ಡರ್) ಮೇಲೆ ಮಾತ್ರ ಕರಗಿ ಕೂರುತ್ತದೆ, ಒಳಗೆ ಡ್ರೈ ಸೋಲ್ಡರ್, ಅಂದರೆ ವೈರಿಗೆ ಹಿಡಿಯದ ಬೆಸುಗೆ. 60 ವಾಟ್ ಐರನ್ ತಗೊಳ್ಳಿ, ಬಿಟ್ ಅಗಲ ಇರಲಿ. 63/37 ಲೆಡ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೇ ಕರಗುತ್ತದೆ. ಫ್ಲಕ್ಸ್ ರೋಸಿನ್‌ದೇ ಆಗಬೇಕು, ಪೈಪ್ ಬೆಸುಗೆಯ ಆ್ಯಸಿಡ್ ಫ್ಲಕ್ಸ್ ತಾಮ್ರವನ್ನೇ ತಿನ್ನುತ್ತದೆ. ಜಾಯಿಂಟ್ ಮುಚ್ಚುವ ಸ್ಲೀವ್ ಮೊದಲೇ ವೈರಿಗೆ ತೂರಿಸಿಡಿ. ಪ್ಲಗ್‌ನ ಇನ್ನೊಂದು ಅರ್ಧ ಸಿಕ್ಕಿಸಿಕೊಂಡೇ ಸೋಲ್ಡರ್ ಮಾಡಿ, ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ವಾಲುವುದಿಲ್ಲ. ಪಿನ್ ಹಿಂದಿನ ಬಟ್ಟಲಿಗೂ ವೈರಿಗೂ ಮೊದಲು ಬೇರೆ ಬೇರೆ ಲೆಡ್ ಹಚ್ಚಿ, ಆಮೇಲೆ ಸೇರಿಸಿ. ತಣ್ಣಗಾಗುವ ತನಕ ಉಸಿರು ಬಿಗಿಹಿಡಿದು ಹಿಡಿದುಕೊಳ್ಳಿ, ವೈರ್ ಅಲುಗಬಾರದು.

ಬ್ಯಾಟರಿ ಕಡೆ ಹೆಣ್ಣು ಪ್ಲಗ್. ಹಳೆಯದನ್ನು ಕತ್ತರಿಸುವಾಗ ಒಂದು ಸಲಕ್ಕೆ ಒಂದೇ ವೈರ್, ಅದಕ್ಕೆ ಟೇಪ್ ಸುತ್ತಿದ ಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯಲ್ಲೇ ಶಾರ್ಟ್. ಈ ಕೆಲಸ ಮಗಳಿಗೆ ಕೊಡಬೇಡಿ.

ಸೇರಿಸಿದ ವೈರನ್ನೂ ತೆಗೆದುಬಿಡಿ. ಮನೆ ವೈರಿನಲ್ಲಿ 0.3 ಎಂಎಂ ಎಳೆಗಳು, ಬಿರುಸು. ಅದುರಿ ಅದುರಿ ಸೋಲ್ಡರ್ ಅಂಚಿನಲ್ಲೇ ಮುರಿಯುತ್ತವೆ. ಸಿಲಿಕಾನ್ ವೈರಿನಲ್ಲಿ 0.08 ಎಂಎಂ ಎಳೆ ನೂರಾರು. ಇನ್ನೊಂದು ಮಾತು: ಬ್ಯಾಟರಿ ಕಡೆ ವೈರ್ ಉದ್ದವಾದಷ್ಟೂ ಇಎಸ್‌ಸಿ ಸ್ವಿಚ್ ಆಗುವಾಗ ವೋಲ್ಟೇಜ್ ಪುಟಿಯುತ್ತದೆ, ಆ ಪೆಟ್ಟೆಲ್ಲ ಕೆಪಾಸಿಟರ್‌ಗೆ. ಇಎಸ್‌ಸಿಯನ್ನು ಬ್ಯಾಟರಿ ಹತ್ತಿರಕ್ಕೆ ತನ್ನಿ. ಉದ್ದ ಬೇಕೇ ಬೇಕೆಂದರೆ ಮೋಟರಿನ ಮೂರು ವೈರ್ ಉದ್ದ ಮಾಡಿ.

ಉತ್ತರ 3: ಬೆಂಗಳೂರು, ಟೂರಿಂಗ್ ಓಡಿಸುವವನು

ಅಣ್ಣ ಹೇಳಿದ್ದು ಸರಿ. ಮಗು ಓಡಿಸುತ್ತದೆ ಅನ್ನುವುದು ನನ್ನ ತಲೆಗೆ ಬರಲಿಲ್ಲ, ಎಕ್ಸ್‌ಟಿ60ಯೇ ಹಾಕಿ ಸರ್. ಮೋಟರ್ ವೈರ್ ಬದಲಿಸುವಾಗ ಎ, ಬಿ, ಸಿ ಗುರುತು ನೋಡಿಕೊಳ್ಳಿ. ಸೆನ್ಸರ್ ಮೋಟರ್ (ಇಎಸ್‌ಸಿಗೆ ಬೇರೆ ಸೆನ್ಸರ್ ವೈರ್ ಇರುವುದು) ಆದರೆ ಆ ಕ್ರಮ ತಪ್ಪಬಾರದು.

ಪ್ರಶ್ನೆ ಕೇಳಿದವರು, ಎಂಟು ದಿನದ ನಂತರ

ಹುಬ್ಬಳ್ಳಿ ಅಣ್ಣಾ, ಬೆರಳು ಈಗ ವಾಸಿಯಾಗಿದೆ. ನೀವು ಹೇಳಿದ ಹಾಗೆ ಬಲ್ಬ್ ಇಟ್ಟು ಅಳೆದೆವು. ಹಳೆಯ ಪ್ಲಗ್: ಪ್ಲಸ್‌ನಲ್ಲಿ 11, ಮೈನಸ್‌ನಲ್ಲಿ 46 ಮಿಲಿವೋಲ್ಟ್. ಸ್ವಲ್ಪ ಎಳೆದರೆ ಮೈನಸ್ ವೈರ್ ಕೈಗೇ ಬಂತು. ಲೆಡ್ ಒಳಗೆ ವೈರಿನ ಅಚ್ಚು ಹಾಗೇ ಇತ್ತು, ಹಿಡಿದೇ ಇರಲಿಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗುವ ಗೆಳೆಯನಿಂದ ಎಕ್ಸ್‌ಟಿ60 ನಾಲ್ಕು ಜೊತೆ, 12 ಗೇಜ್ ವೈರ್ ಒಂದು ಮೀಟರ್ ತರಿಸಿದೆ. ಬ್ಯಾಟರಿ ಕಡೆಯದನ್ನು ನಾನು ಮಾಡಿದೆ. ಇಎಸ್‌ಸಿ ಕಡೆಯದು ಮಗಳದ್ದು, ಹಳೆಯ ವೈರ್ ತುಂಡುಗಳಲ್ಲಿ ಎರಡು ಸಂಜೆ ಅಭ್ಯಾಸ ಮಾಡಿ ಆಮೇಲೆ ಹಾಕಿದಳು. ಈಗ ಎರಡೂ ಕಡೆ 5 ಮಿಲಿವೋಲ್ಟ್. ಭಾನುವಾರ ಪೂರ್ತಿ ಬ್ಯಾಟರಿ ಓಡಿಸಿದೆವು, ಒಮ್ಮೆಯೂ ಕಟ್ ಆಗಲಿಲ್ಲ. ಪ್ಲಗ್ ಮುಟ್ಟಿ ನೋಡಿದಳು, ಸ್ವಲ್ಪ ಬೆಚ್ಚಗಿತ್ತು ಅಷ್ಟೇ. ಮುಂದಿನ ವಾರ ಮೋಟರ್ ವೈರ್ ಬದಲಿಸುತ್ತೇವೆ. ಎ, ಬಿ, ಸಿ ಚೀಟಿ ಈಗಲೇ ಅಂಟಿಸಿ ಇಟ್ಟಿದ್ದಾಳೆ.