‘ಸೈಕೋ’ ಚಿತ್ರದ ಪಿಟೀಲು ಕಿರುಚಾಟ: 15 ಜನರ ತಂಡದಲ್ಲಿ ನುಡಿಸುವುದು ಹೇಗೆ?

ಕಮಾನುಕಟ್ಟು:
ಬರ್ನಾರ್ಡ್ ಹರ್ಮನ್ ಹಿಚ್‌ಕಾಕ್ ನಿರ್ದೇಶನದ 1960ರ ‘ಸೈಕೋ’ಗೆ ಬರೆದ ಸಂಗೀತದ ಸೂಟನ್ನು (ಆಯ್ದ ಭಾಗಗಳ ಕಛೇರಿ ರೂಪ) 15 ಜನರ ತಂತಿವಾದ್ಯ ತಂಡಕ್ಕೆ ಹೊಂದಿಸಬೇಕಿದೆ. ಸ್ನಾನದ ಕೋಣೆಯ ಕೊಲೆಯ ಭಾಗದಲ್ಲಿ ಸ್ವರಗಳೆಲ್ಲ ಸರಿಯಾಗಿ ಬಿದ್ದರೂ ಸದ್ದು ತೆಳ್ಳಗಿದೆ. ಸ್ಯಾಂಪಲ್ ಲೈಬ್ರರಿಯಲ್ಲಿ (ಕಂಪ್ಯೂಟರ್‌ನಲ್ಲಿ ನುಡಿಸಲು ಮುದ್ರಿಸಿಟ್ಟ ವಾದ್ಯಗಳ ಸದ್ದು) ಮಾಡಿದ ಡೆಮೊ ಅದಕ್ಕಿಂತ ಸಪ್ಪೆ. ಮೂಲದಲ್ಲಿ ಎಷ್ಟು ವಾದಕರು? ಮ್ಯೂಟ್ (ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್ ಮೇಲೆ ಸಿಕ್ಕಿಸಿ ಸದ್ದು ಮೆತ್ತಗಾಗಿಸುವ ತುಣುಕು) ಬೇಕೇ? ಎಲೆಕ್ಟ್ರಾನಿಕ್ ಶಬ್ದ ಬೆರೆಸಿದ್ದಾರೆ ಅನ್ನುವುದು ನಿಜವೇ? ಇಷ್ಟು ವರ್ಷವಾದರೂ ಇದು ಹಳತಾಗದಿರಲು ಕಾರಣವೇನು?

ತಾರಸ್ಥಾಯಿ:
ಎಲೆಕ್ಟ್ರಾನಿಕ್ ಏನೂ ಇಲ್ಲ. ಆ ಗೊಂದಲ ಬಹುಶಃ ಹಿಚ್‌ಕಾಕ್‌ರದೇ 1963ರ ‘ದ ಬರ್ಡ್ಸ್’ನಿಂದ ಬಂದದ್ದು, ಅದರ ಹಕ್ಕಿ ಶಬ್ದಗಳಿಗೆ ಟ್ರೌಟೋನಿಯಂ ಎಂಬ ಎಲೆಕ್ಟ್ರಾನಿಕ್ ವಾದ್ಯ ಬಳಸಿದ್ದರು, ಹರ್ಮನ್ ಅಲ್ಲಿ ಧ್ವನಿ ಸಲಹೆಗಾರರು. ‘ಸೈಕೋ’ದಲ್ಲಿ ಇರುವುದು ತಂತಿವಾದ್ಯ ಮಾತ್ರ: ಮೊದಲ ಪಿಟೀಲು 14, ಎರಡನೇ ಪಿಟೀಲು 12, ವಯೋಲಾ 10, ಚೆಲ್ಲೊ 8, ಡಬಲ್ ಬಾಸ್ 6. ಒಟ್ಟು 50.

15 ಜನರಿಗೆ ಇದೇ ಪ್ರಮಾಣ ಇಳಿಸಿದರೆ 4-4-3-2-2. ತೊಡಕು ಶುರುವಾಗುವುದೇ ಇಲ್ಲಿ. ಆ ಭಾಗದಲ್ಲಿ ಪಿಟೀಲುಗಳು ಒಳಗೊಳಗೇ ಒಡೆದು ಬೇರೆ ಬೇರೆ ಸ್ವರ ಹಿಡಿಯುತ್ತವೆ. ಮೇಲಿನ ಇ ಫ್ಲ್ಯಾಟ್ (‘ಇ’ ಸ್ವರಕ್ಕಿಂತ ಅರ್ಧ ಸ್ವರ ತಗ್ಗು) ಮೊದಲು, ಅದರ ಕೆಳಗೆ, ತಗ್ಗಿನ ಸ್ಥಾಯಿಯಲ್ಲಿ, ಇ ನ್ಯಾಚುರಲ್ (ಸಾದಾ ‘ಇ’), ಹೀಗೆ ಮೇಲಿಂದ ಕೆಳಕ್ಕೆ ಒಂದೊಂದೇ ಪದರ ಸೇರುತ್ತದೆ. ಮೂಲದಲ್ಲಿ ಪ್ರತಿ ಪದರಕ್ಕೂ ಹಲವು ಕೈಗಳು, ನಿಮ್ಮಲ್ಲಿ ಒಂದೇ ಕೈ. ಆ ಎತ್ತರದಲ್ಲಿ ಬೆರಳು ಕೂದಲೆಳೆಯಷ್ಟು ಸರಿದರೂ ಕರ್ಕಶ ಹೋಗಿ ಅಪಸ್ವರ ಕೇಳುತ್ತದೆ. ಎರಡೂ ಒಂದೇ ಅಲ್ಲ! ಪದರಗಳನ್ನು ಕಡಿಮೆ ಮಾಡಿ: ಇ ಫ್ಲ್ಯಾಟ್‌ಗೆ ಇಬ್ಬರು, ಇ ನ್ಯಾಚುರಲ್‌ಗೆ ಇಬ್ಬರು, ಉಳಿದ ನಾಲ್ವರು ಕೆಳಗಿನ ಸ್ವರಗಳಿಗೆ. ಮೇಲಿನ ಎರಡರ ತಿಕ್ಕಾಟವೇ ಜೀವಾಳ, ಅದನ್ನು ಮಾತ್ರ ಬಿಡಬೇಡಿ.

ಕಮಾನು ಪ್ರತಿ ಸ್ವರಕ್ಕೂ ಕೆಳಮುಖವಾಗಿ, ಹಿಡಿಯ ಹತ್ತಿರದಿಂದ. ಎಳೆದು, ಎತ್ತಿ, ಮತ್ತೆ ಅಲ್ಲಿಗೇ ತಂದು ಇಡಬೇಕು. ಮೇಲೆ-ಕೆಳಗೆ ಆಡಿಸಿದರೆ ಒಂದು ಹೊಡೆತ ಗಟ್ಟಿ, ಮುಂದಿನದು ಮೆತ್ತಗೆ. ಬ್ರಿಜ್‌ಗೆ ತೀರಾ ಅಂಟಿಸಿದರೆ ಗಾಜಿನಂಥ ಸದ್ದು ಬಂದು ಸ್ವರವೇ ಕಳೆದುಹೋಗುತ್ತದೆ. ಎರಡನೇ ಸುತ್ತಿನ ಜಾರಿಕೆ (ತಂತಿಯ ಮೇಲೆ ಬೆರಳು ಜಾರಿಸುವುದು) ಚಿಕ್ಕದಾಗಿ, ಒತ್ತಿನೊಂದಿಗೆ ಇರಲಿ. ನಿಧಾನಕ್ಕೆ ಜಾರಿದರೆ ಕಾರ್ಟೂನ್ ಆಗುತ್ತದೆ.

ಮಂದ್ರ_ಪಂಚಮ:
ಮ್ಯೂಟ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನನ್ನ ಪ್ರಕಾರ ಗುಟ್ಟು ಅದರಲ್ಲೇ ಇದೆ. ಹರ್ಮನ್ ಇಡೀ ಸಂಗೀತಕ್ಕೆ ಮ್ಯೂಟ್ ಹಾಕಿಸಿ, ಕೊಲೆಯ ಭಾಗದಲ್ಲಿ ಮಾತ್ರ ತೆಗೆಸಿದರು. ಬ್ರಿಜ್ ಮೇಲೆ ತೂಕ ಬಿದ್ದಾಗ ಮೇಲಿನ ಉಪಸ್ವರಗಳು ಅಡಗುತ್ತವೆ; ಅದಕ್ಕೇ ಕಿವಿ ಒಗ್ಗಿದ ಮೇಲೆ ತೆರೆದ ತಂತಿವಾದ್ಯ ಕೇಳಿಸಿದರೆ ಮೈ ಜುಮ್ಮೆನ್ನುತ್ತದೆ. ಸೂಟಿನ ಪ್ರಿಲ್ಯೂಡನ್ನು (ಆರಂಭದ ಭಾಗ) ಮ್ಯೂಟ್ ಇಲ್ಲದೆ ನುಡಿಸುವ ತಂಡಗಳು ಬೇಕಾದಷ್ಟಿವೆ. ಹಾಗೆ ಮಾಡಿದರೆ ಕೊಲೆಗೆ ಉಳಿಯುವುದು ಬರೀ ಗದ್ದಲ. ಮ್ಯೂಟ್ ತೆಗೆಯಲು ಎಲ್ಲರಿಗೂ ಸಮಯ ಸಿಗುವಂತೆ ಭಾಗಗಳ ನಡುವೆ ಬಿಡುವು ಕೊಡಿ.

ಪ್ರಿಲ್ಯೂಡಿನ ಪ್ರಸಿದ್ಧ ಕಾರ್ಡ್, ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ, ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಕಾಕಲಿ ನಿಷಾದ ಒಟ್ಟಿಗೆ. ಕೀರವಾಣಿ ರಾಗದಲ್ಲಿ ಒಂದಾದ ಮೇಲೊಂದು ಬಂದರೆ ಹಿತ. ಏಕಕಾಲಕ್ಕೆ ಹಿಡಿದರೆ ಮೇಲಿನ ಮೂರು ಸ್ವರಗಳ ನಡುವೆ ಸಮಾನ ಅಂತರ, ಎಲ್ಲಿ ನಿಲ್ಲಬೇಕೆಂದು ಕಿವಿಗೆ ತಿಳಿಯುವುದಿಲ್ಲ. ಸಂಗೀತದ ಓಟ ಯಾವತ್ತೂ ಮುಗಿಯದಂತೆ ಅನ್ನಿಸುವುದು ಅದರಿಂದಲೇ. ವೇಗಕ್ಕೆ ಹರ್ಮನ್ 1975ರಲ್ಲಿ ತಾವೇ ನಿರ್ದೇಶಿಸಿದ ಧ್ವನಿಮುದ್ರಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ, ಚಿತ್ರದಲ್ಲಿರುವುದಕ್ಕಿಂತ ಅದು ನಿಧಾನ.

ರೀಲುಪೆಟ್ಟಿಗೆ:
ಜನಪ್ರಿಯತೆ ಬಗ್ಗೆ: ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದರು ಹಿಚ್‌ಕಾಕ್. ಹರ್ಮನ್ ಬರೆದು ಕೇಳಿಸಿದ ಮೇಲೆ ಒಪ್ಪಿದರು. ಆಸ್ಕರ್‌ನಲ್ಲಿ ಚಿತ್ರಕ್ಕೆ ನಾಲ್ಕು ನಾಮನಿರ್ದೇಶನ ಬಂದರೂ ಸಂಗೀತಕ್ಕೆ ಒಂದೂ ಇಲ್ಲ. 2005ರ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಶ್ರೇಷ್ಠ ಚಿತ್ರಸಂಗೀತದ ಪಟ್ಟಿಯಲ್ಲಿ ಅದಕ್ಕೆ ನಾಲ್ಕನೇ ಸ್ಥಾನ. ‘ಭಯ ಹುಟ್ಟಿಸುವ ಸಂಗೀತ’ ಎಂಬ ವಿವರಣೆ ನನಗೆ ಸಾಲದು. ರಾಗ ನೆನಪಿಲ್ಲದವರೂ, ಚಿತ್ರ ನೋಡದವರೂ ಕೈಯಲ್ಲಿ ಚಾಕು ಹಿಡಿದಂತೆ ಮಾಡಿ ‘ಈಕ್ ಈಕ್’ ಅಂದರೆ ಸಾಕು, ಎದುರಿನವರಿಗೆ ಗೊತ್ತಾಗುತ್ತದೆ. ಬಾಯಲ್ಲಿ ಅನುಕರಿಸಬಹುದಾದ ಹಿನ್ನೆಲೆ ಸಂಗೀತ ಎಷ್ಟಿವೆ?

ಡೆಮೊ ವಿಚಾರ. ಲಾಂಗ್ ಪ್ಯಾಚ್ (ಎಳೆದು ನುಡಿಸಿದ ಸ್ವರಗಳ ಸ್ಯಾಂಪಲ್) ಬೇಡ, ಅದರಲ್ಲಿ ವೈಬ್ರೆಟೊ (ಸ್ವರದ ನಡುಕ) ಬೆರೆತಿರುತ್ತದೆ. ಮಾರ್ಕಾಟೊ ಪ್ಯಾಚ್ (ಒತ್ತಿ ನುಡಿಸಿದ ಸ್ವರಗಳದ್ದು) ತೆಗೆದುಕೊಳ್ಳಿ, ರೌಂಡ್ ರಾಬಿನ್ (ಪ್ರತಿ ಸಲ ಬೇರೆ ಸ್ಯಾಂಪಲ್ ಬರುವ ವ್ಯವಸ್ಥೆ) ಆನ್ ಇರಲಿ; ಇಲ್ಲದಿದ್ದರೆ ಒಂದೇ ಸ್ಯಾಂಪಲ್ ಮತ್ತೆ ಮತ್ತೆ ಬಂದು ಮಷಿನ್ ಗನ್ ಆಗುತ್ತದೆ. ಪ್ರತಿ ಪದರಕ್ಕೂ ಬೇರೆ ಟ್ರ್ಯಾಕ್, ಶುರುವಿನಲ್ಲಿ ಕೆಲವು ಮಿಲಿಸೆಕೆಂಡುಗಳ ವ್ಯತ್ಯಾಸ. ಜಾರಿಕೆಗೆ ಪಿಚ್ ಬೆಂಡ್ (ಸ್ವರವನ್ನು ಮೇಲೆ-ಕೆಳಗೆ ಬಾಗಿಸುವ ಸೌಲಭ್ಯ). ಹಾಲ್ ರಿವರ್ಬ್ (ಸಭಾಂಗಣದ ಪ್ರತಿಧ್ವನಿ) ತೆಗೆದುಹಾಕಿ, ಕ್ಲೋಸ್ ಮೈಕ್ (ವಾದ್ಯದ ಹತ್ತಿರವಿಟ್ಟ ಮೈಕ್‌ನ ಸದ್ದು) ಮಾತ್ರ ಉಳಿಸಿ. ಮೂಲದ ಸದ್ದು ಒಣ, ಕಿವಿಗೆ ತಾಗಿದಷ್ಟು ಹತ್ತಿರ. ಪ್ರಿಲ್ಯೂಡಿಗೆ ಈಕ್ಯೂನಲ್ಲಿ (ಸದ್ದಿನ ಏರಿಳಿತ ಹೊಂದಿಸುವ ಈಕ್ವಲೈಸರ್) ಹೈ, ಅಂದರೆ ಮೇಲಿನ ಆವರ್ತನಗಳನ್ನು, ಕತ್ತರಿಸಿ ಮ್ಯೂಟ್ ಅಂದುಕೊಳ್ಳಬೇಡಿ. ಮ್ಯೂಟ್ ಹಾಕಿಯೇ ಮುದ್ರಿಸಿದ ಸ್ಯಾಂಪಲ್ ಬೇಕು.

ಕಮಾನುಕಟ್ಟು:
ಪದರ ಹಂಚಿಕೆ ಸ್ಪಷ್ಟವಾಯಿತು. ವಯೋಲಾ ಮೂವರನ್ನು ಕಿರುಚಾಟದ ಕೆಳಪದರಕ್ಕೆ ಸೇರಿಸಬಹುದೇ?

ತಾರಸ್ಥಾಯಿ:
ಧಾರಾಳವಾಗಿ. ಚೆಲ್ಲೊ, ಬಾಸ್‌ಗಳನ್ನು ಮಾತ್ರ ಮುಟ್ಟಬೇಡಿ. ಇರಿತ ಮುಗಿದು ಅವು ಕೆಳಗೆ ಭಾರವಾಗಿ ಬರುವ ಜಾಗದಲ್ಲಿ ನಾಲ್ಕೂ ಜನ ಬೇಕು, ಅಲ್ಲಿ ಬಲ ಕುಂದಿದರೆ ಹಿಂದಿನದ್ದೆಲ್ಲ ವ್ಯರ್ಥ.