‘ಎಲೀನರ್ ಅಂಡ್ ಪಾರ್ಕ್’ ಕಾದಂಬರಿಯನ್ನು ಹತ್ತನೆಯ ತರಗತಿಯ ಮಗಳಿಗೆ ಕೊಡಬಹುದೇ?

ಪ್ರಶ್ನೆ: ಜಯನಗರದ ಒಬ್ಬ ತಾಯಿ

ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ರೇನ್‌ಬೋ ರೊವೆಲ್ ಅವರ ‘ಎಲೀನರ್ ಅಂಡ್ ಪಾರ್ಕ್’ ಕಾದಂಬರಿಯನ್ನು ಗೆಳತಿಯಿಂದ ತಂದು, ಓದುವ ಮೊದಲು ನನ್ನನ್ನು ಕೇಳಿದಳು. ನಾನೇ ಮೊದಲು ಓದುತ್ತೇನೆಂದು ಇಟ್ಟುಕೊಂಡೆ. 2012ರಲ್ಲಿ ಪ್ರಕಟವಾದ ಈ ಕಥೆ ನಡೆಯುವುದು 1986ರಲ್ಲಿ, ಅಮೆರಿಕದ ಒಮಾಹಾ ನಗರದಲ್ಲಿ. ಶಾಲೆಯ ಬಸ್ಸಿನಲ್ಲಿ ಯಾರೂ ಜಾಗ ಬಿಡದ, ದಪ್ಪ ಮೈಯ, ಕೆಂಗೂದಲಿನ ಹೊಸ ಹುಡುಗಿ ಎಲೀನರ್‌ಗೆ ಪಾರ್ಕ್ ಬೈದುಕೊಂಡೇ ಪಕ್ಕದಲ್ಲಿ ಜಾಗ ಕೊಡುತ್ತಾನೆ. ಅವನ ಕಾಮಿಕ್ಸ್ ಪುಸ್ತಕವನ್ನು ಅವಳು ಓರೆಗಣ್ಣಿನಲ್ಲಿ ಓದುತ್ತಿರುವುದು ತಿಳಿದ ಮೇಲೆ, ಒಂದು ಮಾತೂ ಆಡದೆ, ಪುಟ ತಿರುವುವುದನ್ನು ನಿಧಾನಿಸುತ್ತಾನೆ. ಅಷ್ಟನ್ನು ಓದಿ ನನ್ನ ಮನಸ್ಸು ತುಂಬಿಬಂತು. ಆದರೆ ಮುಂದೆ ಬೈಗುಳಗಳಿವೆ, ಮೈ ಮುಟ್ಟುವ ಸನ್ನಿವೇಶಗಳಿವೆ, ಕ್ರೂರಿಯಾದ ಮಲತಂದೆಯಿದ್ದಾನೆ. ಪಿಯುಸಿ ಮುಗಿಯಲಿ ಎನ್ನುತ್ತಾರೆ ನನ್ನ ಯಜಮಾನರು. ಓದಿದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಪ್ರೌಢಶಾಲಾ ಶಿಕ್ಷಕಿ, ರಾಜಾಜಿನಗರ

ದಯವಿಟ್ಟು ಕೊಡಿ. ಪ್ರೀತಿಯ ಪುಟಗಳನ್ನು ಕುರಿತು ಪೋಷಕರು ಪಡುವ ಆತಂಕವನ್ನು ನಾನು ಬಲ್ಲೆ. ಆದರೆ ಈ ಪುಸ್ತಕದಲ್ಲಿ ಎದೆ ನಡುಗಿಸುವ ಪುಟಗಳು ಅವಲ್ಲ. ಎಲೀನರ್‌ಳ ಮನೆಯನ್ನು ಇನ್ನೊಮ್ಮೆ ನೋಡಿ. ಐದು ಮಕ್ಕಳಿಗೆ ಒಂದೇ ಕೋಣೆ, ಬಾಗಿಲಿಲ್ಲದ ಬಚ್ಚಲು, ಫೋನಿಲ್ಲ, ಮತ್ತು ಒಮ್ಮೆ ಅವಳನ್ನು ವರ್ಷದ ಮಟ್ಟಿಗೆ ಮನೆಯಿಂದಲೇ ಹೊರಗಟ್ಟಿದ್ದ ಮಲತಂದೆ. ಅವಳ ಪಠ್ಯಪುಸ್ತಕಗಳ ಹೊದಿಕೆಯ ಮೇಲೆ ಯಾರೋ ಅಶ್ಲೀಲವಾಗಿ ಬರೆಯುತ್ತಿರುತ್ತಾರೆ. ಸಹಪಾಠಿಗಳ ಕಿಡಿಗೇಡಿತನವೆಂದು ಅವಳೂ ನಾವೂ ನಂಬಿರುವಾಗ, ಆ ಕೈಬರಹ ಮನೆಯೊಳಗಿನದೆಂದು ಕೊನೆಗೆ ತಿಳಿಯುತ್ತದೆ. ಆ ಹುಡುಗಿ ಪಾರ್ಕ್‌ನ ಮನೆಯ ಸೋಫಾದ ಮೇಲೆ ಅಷ್ಟು ಹೊತ್ತು ಕುಳಿತಿರುವುದಕ್ಕೆ ಪ್ರೀತಿಯೊಂದೇ ಕಾರಣವಲ್ಲ, ಅಲ್ಲಿ ಅವಳಿಗೆ ಭಯವಿಲ್ಲ ಎಂಬುದೂ ಕಾರಣ ಎಂದು ನನಗೆ ಅನ್ನಿಸಿತು.

ನಿಮ್ಮ ಮಗಳೊಂದಿಗೆ ಮಾತನಾಡಬೇಕಾದದ್ದು ಇದನ್ನೇ. ತನಗಲ್ಲದಿದ್ದರೂ ಪಕ್ಕದ ಬೆಂಚಿನ ಗೆಳತಿಗೆ ಹೀಗಾಗುತ್ತಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು, ಹದಿನೆಂಟು ತುಂಬದ ಎಲ್ಲರ ರಕ್ಷಣೆಗೆ 2012ರ ಪೋಕ್ಸೋ ಕಾಯ್ದೆಯಿದೆ, ಆ ಕಾಯ್ದೆಗೆ ಮನೆಯವರೂ ಹೊರತಲ್ಲ ಎಂಬುದು ಅವಳಿಗೆ ಗೊತ್ತಿರಲಿ. ಬೈಗುಳಗಳ ವಿಷಯಕ್ಕೆ ಬಂದರೆ, ಅವಳು ಶಾಲೆಯ ಬಸ್ಸಿನಲ್ಲಿ ಅವನ್ನು ಈಗಾಗಲೇ ಕೇಳಿರುತ್ತಾಳೆ.

ಉತ್ತರ: ಮಲ್ಲೇಶ್ವರದ ನಿವೃತ್ತರು

1986ರಲ್ಲಿ ನಾನು ಬಿ.ಟಿ.ಎಸ್. ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಮುಂದಿನ ಆಸನಗಳು ಹೆಂಗಸರವು, ಹಿಂದಿನವು ನಮ್ಮವು. ಒಂದೇ ಸೀಟಿನಲ್ಲಿ ಹುಡುಗ, ಹುಡುಗಿ ಕುಳಿತು ಪುಸ್ತಕ ಹಂಚಿಕೊಳ್ಳುವುದು ನಮಗೆ ಊಹೆಗೂ ಮೀರಿದ್ದು. ಆದರೂ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳ ಪಟ್ಟಿ ಬರೆದು, ಅಂಗಡಿಯಲ್ಲಿ ರೆಕಾರ್ಡ್ ಮಾಡಿಸಿ, ಯಾರ ಕೈಯಲ್ಲೋ ತಲುಪಿಸಿದ ನೆನಪು ಈ ಪುಸ್ತಕದಿಂದ ಮರಳಿ ಬಂತು.

ಒಂದು ಆಕ್ಷೇಪವನ್ನು ಮಾತ್ರ ದಾಖಲಿಸಬೇಕು. ಪಾರ್ಕ್‌ನ ತಾಯಿ ಕೊರಿಯಾದವರು. ಅವರ ಹರಕು ಇಂಗ್ಲಿಷನ್ನೂ, ತನ್ನ ರೂಪದ ಬಗೆಗೆ ಪಾರ್ಕ್‌ಗಿರುವ ಕೀಳರಿಮೆಯನ್ನೂ ಚಿತ್ರಿಸಿದ ರೀತಿ ಕೊರಿಯನ್ ಮೂಲದ ಹಲವು ಓದುಗರನ್ನು ನೋಯಿಸಿದೆ. ಪಾರ್ಕ್ ಎಂಬುದು ಕೊರಿಯನ್ನರಲ್ಲಿ ಮನೆತನದ ಹೆಸರು. ಅದನ್ನು ಹುಡುಗನಿಗೆ ಇಟ್ಟದ್ದನ್ನೂ ಕೆಲವರು ಪ್ರಶ್ನಿಸಿದ್ದಾರೆ. ಈಶಾನ್ಯ ರಾಜ್ಯಗಳ ಮಕ್ಕಳ ಕಣ್ಣನ್ನು ಹಂಗಿಸುವವರು ನಮ್ಮ ಬೆಂಗಳೂರಿನ ತರಗತಿಗಳಲ್ಲೂ ಇರುವುದರಿಂದ, ಅಮ್ಮಾ, ಈ ಭಾಗವನ್ನು ಮಗಳು ಪ್ರಶ್ನಿಸುತ್ತಲೇ ಓದಲಿ.

ಉತ್ತರ: ಹವ್ಯಾಸಿ ಅನುವಾದಕ, ಬಸವನಗುಡಿ

ಇಲ್ಲಿ ಕೊನೆಯನ್ನು ಹೇಳಿಬಿಡುತ್ತಿದ್ದೇನೆ. ಓದದವರು ಈ ಉತ್ತರವನ್ನು ದಾಟಿ ಹೋಗಬಹುದು. ಪಾರ್ಕ್ ಅವಳನ್ನು ಸೇಂಟ್ ಪಾಲ್ ನಗರದ ಸೋದರಮಾವನ ಮನೆಗೆ ಮುಟ್ಟಿಸಿ ಬರುತ್ತಾನೆ. ಅವನ ಪತ್ರಗಳಿಗೆ ತಿಂಗಳುಗಟ್ಟಲೆ ಉತ್ತರವಿಲ್ಲ. ಕೊನೆಗೊಂದು ಪೋಸ್ಟ್‌ಕಾರ್ಡ್ ಬರುತ್ತದೆ. ಅದರಲ್ಲಿ ಮೂರೇ ಪದಗಳಿವೆ ಎನ್ನುವ ಲೇಖಕಿ, ಅವು ಯಾವುವೆಂದು ಹೇಳುವುದಿಲ್ಲ. ಇಂಗ್ಲಿಷಿನ ಓದುಗರಿಗೆ ಮೂರು ಪದ ಎಂದೊಡನೆ ಒಂದೇ ವಾಕ್ಯ ಹೊಳೆಯುತ್ತದೆ. ಕನ್ನಡದಲ್ಲಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದೂ ಲೆಕ್ಕಕ್ಕೆ ಮೂರು ಪದವೇ. ಆದರೆ ಕ್ರಿಯಾಪದದಲ್ಲೇ ‘ನಾನು’ ಅಡಗಿರುವ ನಮ್ಮ ಭಾಷೆಯಲ್ಲಿ ಅದು ವ್ಯಾಕರಣದ ಉದಾಹರಣೆಯಂತೆ ಕೇಳುತ್ತದೆಯೇ ಹೊರತು ಹದಿನಾರರ ಹುಡುಗಿಯ ಮಾತಿನಂತಲ್ಲ. ‘ನಿನ್ನ ನೆನಪು ಬರುತ್ತಿದೆ’ ಎಂದು ಬರೆದಿರಬಹುದೇ, ‘ಬೇಗ ನೋಡಬೇಕು ನಿನ್ನನ್ನು’ ಎಂದೇ? ಮಗಳು ಓದಿ ಮುಗಿಸಿದ ದಿನ ಅವಳನ್ನು ಕೇಳಿ ನೋಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಯಜಮಾನರಿಗೆ ಶಿಕ್ಷಕಿಯವರ ಉತ್ತರವನ್ನು ಓದಿ ಹೇಳಿದೆ. ಅವರು ಒಪ್ಪಿದ ಮೇಲೆ ಶನಿವಾರ ಪುಸ್ತಕವನ್ನು ಮಗಳಿಗೆ ಕೊಟ್ಟೆ. ರಾತ್ರಿ ಅಡುಗೆಮನೆಗೆ ಬಂದವಳು, ನಾನು ಏನನ್ನೂ ಕೇಳುವ ಮೊದಲೇ, “ಅಮ್ಮಾ, ಇವಳ ಮನೆಯ ಬಚ್ಚಲಿಗೆ ಬಾಗಿಲೇ ಇಲ್ಲ, ಇವಳಮ್ಮ ಯಾಕೆ ಸುಮ್ಮನಿದ್ದಾಳೆ?” ಎಂದಳು. ಒಲೆ ಆರಿಸಿ, ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತೆವು.