ನರ್ಸಿಂಗ್ ಮಕ್ಕಳಿಗೆ ವಿಆರ್ ಹೆಡ್‌ಸೆಟ್: ಬಳಸಿದವರು ಏನಂತೀರಿ?

ಪ್ರಶ್ನೆ: ಉಡುಪಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಸ್ಕಿಲ್ ಲ್ಯಾಬಿಗೆ, ಕಣ್ಣಿಗೆ ಕಟ್ಟಿಕೊಂಡರೆ ನಿಜವಾದ ವಾರ್ಡಿನಲ್ಲೇ ನಿಂತಂತೆ ಕಾಣಿಸುವ ನಾಲ್ಕು ವಿಆರ್ ಹೆಡ್‌ಸೆಟ್ ತರಿಸುವ ಮಾತು ನಡೆದಿದೆ. ಬ್ಯಾಚಿನಲ್ಲಿ 60 ಮಕ್ಕಳಿದ್ದಾರೆ. ಇದು ಯಾವ ಪಾಠಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ? ಕೊಳ್ಳುವ ಮೊದಲು ಏನೇನು ಕೇಳಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ದೇರಳಕಟ್ಟೆ ಕಡೆಯ ಬೋಧಕಿ:
ಕೈ ಪಳಗಬೇಕಾದ ಕೆಲಸವನ್ನು ಹೆಡ್‌ಸೆಟ್ಟಿಗೆ ಬಿಡಬೇಡಿ. ಐವಿ ಕ್ಯಾನುಲಾ, ಅಂದರೆ ಡ್ರಿಪ್ ಕೊಡಲು ಕೈಯ ರಕ್ತನಾಳಕ್ಕೆ ಇಳಿಸುವ ಸಣ್ಣ ಕೊಳವೆ, ಹಾಕುವುದನ್ನೇ ತಗೊಳ್ಳಿ. ತೋಳಿಗೆ ಟೂರ್ನಿಕೇಟ್ ಪಟ್ಟಿ ಕಟ್ಟುವುದು, ಚರ್ಮ ಒರೆಸಿ ಒಣಗಲು ಬಿಡುವುದು, ರಕ್ತ ಕಂಡ ಮೇಲೆ ಸೂಜಿಯನ್ನು ತಗ್ಗಿಸುವುದು, ಈ ಕ್ರಮವೆಲ್ಲ ವಿಆರ್‌ನಲ್ಲಿ ಚೆನ್ನಾಗಿ ಮನಸ್ಸಿಗೆ ಕೂರುತ್ತದೆ. ಆದರೆ ಸೂಜಿ ಚರ್ಮ ದಾಟುವಾಗ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದೆ, ನರದೊಳಗೆ ಇಳಿದ ಕೂಡಲೇ ಅದು ಸಡಿಲವಾಗುತ್ತದೆ. ಕೈಯಲ್ಲಿ ಹಿಡಿಯುವ ವಿಆರ್ ಕಂಟ್ರೋಲರ್ ಎಷ್ಟೇ ನಡುಗಿದರೂ ಅದು ಗೊತ್ತಾಗುವುದಿಲ್ಲ. ವಯಸ್ಸಾದವರ ನರ ಬೆರಳಡಿಯಲ್ಲೇ ಜಾರುತ್ತದೆ, ಚರ್ಮ ಎಳೆದು ಹಿಡಿಯಬೇಕು. ಇದಕ್ಕೆ ಅಭ್ಯಾಸದ ರಬ್ಬರ್ ಕೈಯೇ ಬೇಕು. ಹೃದಯ ನಿಂತವರ ಎದೆ ಒತ್ತುವ ಸಿಪಿಆರ್ ಕೂಡ ಹಾಗೇ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕು. ಸುಮ್ನೆ ಗಾಳಿಯಲ್ಲಿ ಒತ್ತಿದರೆ ಆ ಭಾರ ತೋಳಿಗೆ ತಿಳಿಯುವುದಿಲ್ಲ.

ವಿಆರ್ ನಿಜಕ್ಕೂ ಕೆಲಸಕ್ಕೆ ಬರುವುದು, ವಾರ್ಡಿನಲ್ಲಿ ಮಕ್ಕಳ ಕೈಗೆ ಕೊಡಲಾಗದ ಹೊತ್ತುಗಳಿಗೆ. ಹೆರಿಗೆಯ ನಂತರ ರಕ್ತಸ್ರಾವ ಶುರುವಾದರೆ ವಿದ್ಯಾರ್ಥಿಗಳನ್ನು ಬದಿಗೆ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಹೆಡ್‌ಸೆಟ್ ಒಳಗೆ ಅದೇ ಹುಡುಗಿ ಮಂಚದ ಪಕ್ಕ ಒಬ್ಬಳೇ ಇರುತ್ತಾಳೆ. ನಾವು ಬಳಸುವ ಒಂದು ಸನ್ನಿವೇಶದಲ್ಲಿ ಬಾಣಂತಿ ತಲೆ ಸುತ್ತುತ್ತಿದೆ ಎನ್ನುತ್ತಾಳೆ. ಜಾಸ್ತಿ ಮಕ್ಕಳು ನೇರ ಮಾನಿಟರ್ ಕಡೆ ತಿರುಗುತ್ತಾರೆ. ಬಿಪಿ ಸರಿಯಾಗೇ ಇದೆ ಅಂತ ಸಮಾಧಾನ ಪಡುತ್ತಾರೆ. ಹೊದಿಕೆ ಎತ್ತಿ ಪ್ಯಾಡ್ ನೋಡುವವರು ಕೆಲವರೇ. ಎಳೆ ವಯಸ್ಸಿನ ಆರೋಗ್ಯವಂತ ತಾಯಿಯಲ್ಲಿ ಬಿಪಿ ಇಳಿಯುವುದು ತಡವಾಗಿ, ಅದಕ್ಕೂ ಮೊದಲೇ ನಾಡಿ ಏರಿರುತ್ತದೆ. ಪುಸ್ತಕದಲ್ಲಿ ಇದನ್ನು ಓದಿದವರೇ ಅವರು. ಗರ್ಭಕೋಶ ಮೆತ್ತಗಾಗಿದೆಯಾ ಅಂತ ನೋಡಿ ಮಸಾಜ್ ಶುರುಮಾಡುವುದು, ಸಹಾಯಕ್ಕೆ ಕೂಗುವುದು, ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಔಷಧ ರೆಡಿ ಮಾಡುವುದು, ಇದರಲ್ಲಿ ಯಾವುದು ಯಾವಾಗ ಅನ್ನುವುದು ಅಲ್ಲಿ ನಿಂತಾಗಲೇ ತಲೆಗೆ ಹೋಗುತ್ತದೆ.

ಹೆಡ್‌ಸೆಟ್ ತೆಗೆದ ಮೇಲಿನ ಮಾತುಕತೆಗೆ ಅದರ ಎರಡರಷ್ಟು ಸಮಯ ಇಡಿ. ತೆರೆಯ ಮೇಲೆ ಬಂದ ಅಂಕ ನೋಡಿ ಮುಂದಿನವರನ್ನು ಕರೆದರೆ ಏನೂ ಉಳಿಯುವುದಿಲ್ಲ. ‘ಆ ಹೊತ್ತಿಗೆ ಮಾನಿಟರ್ ಕಡೆ ಯಾಕೆ ಹೋದೆ?’ ಅಂತ ಮೆಲ್ಲಗೆ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ನಾಲ್ಕೇ ಹೆಡ್‌ಸೆಟ್ ಅಂತ ಚಿಂತೆ ಬೇಡ. ಒಬ್ಬರು ಒಳಗೆ ಇರುವಾಗ ಉಳಿದ ನಾಲ್ಕೈದು ಮಂದಿ ಟಿವಿಯಲ್ಲಿ ನೋಡುತ್ತಾ ಚೆಕ್‌ಲಿಸ್ಟ್ ತುಂಬಲಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ನರ್ಸಿಂಗ್ ಕೌನ್ಸಿಲ್‌ನ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಸ್ಕಿಲ್ ಲ್ಯಾಬಿಗೂ ಸಿಮ್ಯುಲೇಶನ್ನಿಗೂ ಜಾಗ ಇದೆ, ಒಳ್ಳೆಯದೇ. ಆ ಹೆಸರಿನಲ್ಲಿ ವಾರ್ಡ್ ಪೋಸ್ಟಿಂಗ್ ಕಡಿಮೆ ಮಾಡುವ ಮಾತು ಬಂದರೆ ಒಪ್ಪಬೇಡಿ.

ಮಂಗಳೂರಿನ ಅಂತಿಮ ವರ್ಷದ ವಿದ್ಯಾರ್ಥಿನಿ:
ಮೇಡಂ, ತಲೆಸುತ್ತಿನ ಬಗ್ಗೆ ಮೊದಲೇ ಕೇಳಿಕೊಳ್ಳಿ. ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ವಾಂತಿ ಬರುವವರಿಗೆ ಇಲ್ಲೂ ಬರುವುದು ಜಾಸ್ತಿ. ಅವರನ್ನು ಕೂರಿಸಿ, ತೆರೆಯಲ್ಲಿ ನಡೆದಾಡುವ ಬದಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೇರ ಹಾರುವ ಆಯ್ಕೆ ಕೊಡಿ. ಸಾಕು ಎಂದಾಗ ನಿಲ್ಲಿಸಲು ಬಿಡಿ. ನಮ್ಮ ಯೂನಿಫಾರ್ಮಿನ ಎತ್ತರದ ಬನ್ ಮೇಲೆ ಪಟ್ಟಿ ಕೂರುವುದಿಲ್ಲ, ಹೆಡ್‌ಸೆಟ್ ಮುಂದಕ್ಕೆ ಜಾರಿ ಎಲ್ಲ ಮಸುಕಾಗುತ್ತದೆ. ಆ ದಿನ ಕೂದಲು ಕೆಳಗೆ ಕಟ್ಟಲು ಹೇಳಿ. ಮೊದಲ ಸಲ ರೋಗಿಯೇ ಇಲ್ಲದ ಖಾಲಿ ರೂಮಿನಲ್ಲಿ ಓಡಾಡಲು ಬಿಟ್ಟರೆ ಬಟನ್ ಹುಡುಕುವ ಗಾಬರಿ ಹೋಗುತ್ತದೆ.

ಲ್ಯಾಬ್ ನೋಡಿಕೊಳ್ಳುವವರು, ಮಂಗಳೂರು:
ಹೆಡ್‌ಸೆಟ್ಟಿಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಸಾಫ್ಟ್‌ವೇರ್ ಲೈಸೆನ್ಸ್ ವರ್ಷ ವರ್ಷ ಕಟ್ಟಬೇಕೇ, ತಲೆ ಲೆಕ್ಕದಲ್ಲಿ ಕಟ್ಟಬೇಕೇ ಎಂದು ಬರೆಸಿಕೊಳ್ಳಿ. ಇಂಟರ್ನೆಟ್ ಇಲ್ಲದೆ ನಡೆಯುತ್ತದಾ ಅಂತಲೂ ಕೇಳಿ, ನಮ್ಮ ಮಳೆಗಾಲ ನಿಮಗೆ ಗೊತ್ತಲ್ವಾ. ಇಲ್ಲಿನ ಸೆಕೆಗೆ ಎಸಿ ಬೇಕೇ ಬೇಕು, ಇಲ್ಲದಿದ್ದರೆ ಬೆವರಿಗೆ ಲೆನ್ಸ್ ಮಂಜಾಗುತ್ತದೆ. ಮುಖಕ್ಕೆ ತಾಗುವ ಕಡೆ ಒರೆಸಬಹುದಾದ ಸಿಲಿಕಾನ್ ಕವರ್ ಹಾಕಿ, ಒಬ್ಬರಾದ ಮೇಲೆ ಒಬ್ಬರಿಗೆ ಒರೆಸಿ ಕೊಡಿ. ಲೆನ್ಸಿಗೆ ಸ್ಪಿರಿಟ್ ಬೇಡ, ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಕಿಟಕಿ ಪಕ್ಕ ಇಡಲೇಬೇಡಿ. ಲೆನ್ಸಿನ ಮೂಲಕ ಬಿಸಿಲು ಬಿದ್ದರೆ ಒಳಗಿನ ತೆರೆ ಸುಟ್ಟುಹೋಗುತ್ತದೆ.

ಉಡುಪಿಯ ಹಿರಿಯ ವಾರ್ಡ್ ಸಿಸ್ಟರ್:
ತೆರೆಯ ಮೇಲಿನ ರೋಗಿ ಇಂಗ್ಲಿಷಿನಲ್ಲಿ ‘ನೋವು ಹತ್ತರಲ್ಲಿ ಏಳು’ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ನಮ್ಮ ವಾರ್ಡಿನ ಅಜ್ಜಿ ಹೊಟ್ಟೆ ಹಿಡಿದುಕೊಂಡೇ ‘ದಾಲ ಇಜ್ಜಿ’ ಎನ್ನುತ್ತಾರೆ. ಏನೂ ಇಲ್ಲ ಮಗಾ, ನೀನು ಹೋಗು ಅಂತ. ಹೊರ ಊರಿಂದ ಬಂದ ಮಕ್ಕಳು ಅದನ್ನೇ ನಂಬಿ ಚಾರ್ಟಿನಲ್ಲಿ ನೋವಿಲ್ಲ ಎಂದು ಬರೆಯುತ್ತಾರೆ. ಹುಬ್ಬು ಗಂಟಿಕ್ಕಿದೆಯಾ, ಮಗ್ಗುಲು ಬದಲಿಸಲು ಹೆದರುತ್ತಾರಾ, ಊಟ ಬಿಟ್ಟಿದ್ದಾರಾ ಎಂದು ನೋಡುವ ಅಭ್ಯಾಸ ಬರಬೇಕು. ಹಾಗಾಗಿ ವಿಆರ್ ಆದ ವಾರದಲ್ಲೇ ಅದೇ ಕೇಸನ್ನು ತುಳು, ಬ್ಯಾರಿ, ಕೊಂಕಣಿ ಮಾತಾಡುವ ಯಾರಾದರೂ ಹಿರಿಯರನ್ನು ಮಂಚದ ಮೇಲೆ ಮಲಗಿಸಿ ಮಾಡಿಸಿ. ಆಸ್ಪತ್ರೆಯಿಂದ ನಿವೃತ್ತರಾದ ಆಯಾಗಳನ್ನು ಕೇಳಿ ನೋಡಿ, ರೋಗಿಗಳು ಹೇಗೆ ಮಾತಾಡುತ್ತಾರೆ ಎಂದು ಅವರಿಗೆ ಗೊತ್ತು. ಅವರಿಗೆ ಕೊಡುವ ಹಣವನ್ನೂ ಹೆಡ್‌ಸೆಟ್ ಬಜೆಟ್ಟಿನಲ್ಲೇ ಈಗಲೇ ಸೇರಿಸಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.